ಗಾಜಿನಾಚೆಯ ಜನ

ಫುಟ್‌ಸ್ಕ್ರೇ, ಮೆಲ್ಬರ್ನ್
೧೨ ಡಿಸೆಂಬರ್ ೧೯೫೬

ಪ್ರೀತಿಯ ಡೆಸ್ ಅಣ್ಣನಿಗೆ,

ನಿನ್ನ ತಂಗಿ ಥೆಲ್ಮಾಳ ನಮಸ್ಕಾರಗಳು. ಕ್ವೀನ್ಸ್‌ಲ್ಯಾಂಡಿನ ಬಿಸಿಲಲ್ಲಿ ಕಬ್ಬು ಕಡಿಯುತ್ತ ಚೆನ್ನಾಗಿದ್ದೀಯೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಬೈಯಬೇಡ. ಹಗಲೆಲ್ಲ ಹಗ್ಗದ ಕಾರ್ಖಾನೆ, ಸಂಜೆ ಕಾರ್ಮಿಕ ಸಂಘದ ಕರಪತ್ರ ಹಂಚುವುದು.

ಅಪ್ಪ ಈಗಲೂ ನಿನ್ನ ಹೆಸರೆತ್ತುವುದಿಲ್ಲ. ಬಂದರಿನ ಮುಷ್ಕರದಲ್ಲಿ ನೀನು ಕೆಲಸಕ್ಕೆ ಹೋದದ್ದು ತಪ್ಪೆಂದು ನಾನೂ ಇವತ್ತಿಗೂ ಹೇಳುತ್ತೇನೆ. ಆದರೆ ಅಪ್ಪ ನಿನಗೆ ಬಾಗಿಲು ತೋರಿಸಿದ್ದು ನನಗೆ ಒಪ್ಪಿಗೆಯಿಲ್ಲ. ಆ ಮಾತು ಇರಲಿ.

ಊರಿಗೆ ಟೆಲಿವಿಷನ್ ಬಂದಿದೆ. ಅಂಗಡಿಯ ಪ್ಯಾಸ್ಕೋ ಒಂದು ಪೆಟ್ಟಿಗೆಯನ್ನು ಗಾಜಿನ ಹಿಂದೆ ಇಟ್ಟು, ಬಾಗಿಲು ಹಾಕಿದ ಮೇಲೂ ಉರಿಯಲು ಬಿಟ್ಟುಹೋಗುತ್ತಾನೆ. ಸಂಜೆಯಾದರೆ ಬೀದಿಯವರೆಲ್ಲ ಅಡುಗೆಮನೆಯ ಕುರ್ಚಿ, ಕಂಬಳಿ, ಟೀ ಫ್ಲಾಸ್ಕು ಹೊತ್ತು ಫುಟ್‌ಪಾತಿಗೆ ಬರುತ್ತಾರೆ. ಗಾಜು ದಪ್ಪ, ಒಳಗಿನ ಮಾತು ಹೊರಗೆ ಕೇಳದು. ಮಾತನ್ನು ನಮ್ಮವರೇ ಒದಗಿಸುತ್ತಾರೆ. ಸುದ್ದಿ ಓದುವವನು ತುಟಿ ಆಡಿಸಿದರೆ ಪಕ್ಕದ ಮನೆಯ ಮೇವಿಸ್ ಸ್ವೆಟರ್ ಹೆಣೆಯುತ್ತಲೇ, "ನಮ್ಮನೇಲಿ ಇವತ್ತೂ ಕುರಿಮಾಂಸಾನೇ ಕಣ್ರಪ್ಪ, ಅಂತಿದಾನೆ" ಎನ್ನುತ್ತಾಳೆ.

ನಾನು ಮೊದಲ ದಿನವೇ ಗಾಜಿಗೆ ಬೆನ್ನು ಹಾಕಿ ನಿಂತೆ. ಈ ಪೆಟ್ಟಿಗೆ ನಮ್ಮ ಸಭೆಗಳನ್ನು ಖಾಲಿ ಮಾಡುತ್ತದೆ, ದುಡಿಯುವವನನ್ನು ಅವನ ಮನೆಯೊಳಗೇ ಕಟ್ಟಿ ಕೂರಿಸುತ್ತದೆ, ಒಡೆಯರಿಗೆ ಇನ್ನು ಪೊಲೀಸರೇ ಬೇಕಿಲ್ಲ ಎಂದು ಕೂಗಿದೆ.

"ತಾಯಿ, ನಿನ್ನ ಕ್ರಾಂತೀನ ಒಂಚೂರು ಪಕ್ಕಕ್ಕೆ ಸರ್ಕೊಂಡು ಮಾಡು, ಓಟ ಕಾಣ್ತಿಲ್ಲ" ಎಂದಳು ಮೇವಿಸ್. ಎಲ್ಲರೂ ನಕ್ಕರು. ಕರಪತ್ರಗಳನ್ನು ಮಾತ್ರ ಇಸಿದುಕೊಂಡರು, ಕಲ್ಲಿನ ಮೇಲೆ ಹಾಸಿಕೊಳ್ಳಲು.

ಅದು ನಮ್ಮ ಮೆಲ್ಬರ್ನಿನಲ್ಲೇ ನಡೆದ ಒಲಿಂಪಿಕ್ ಆಟಗಳ ಸಮಯ. ಹಗಲಿನ ಓಟಗಳನ್ನು ಸಂಜೆ ಮತ್ತೆ ತೋರಿಸುತ್ತಿದ್ದರು. ಅಣ್ಣ, ಬೆಳಕು ಇಳಿಯುವ ಹೊತ್ತಿಗೆ ಆ ಗಾಜು ನೀಲಿಯಾಗುತ್ತದೆ, ನಮ್ಮ ಮುಖಗಳೂ ನೀಲಿ. ಒಳಗಿನವರು ನೆಲಕ್ಕೆ ಕಾಲು ತಾಗದವರಂತೆ ಓಡುತ್ತಾರೆ. ಗಾಜಿನಲ್ಲಿ ಮೂಡಿದ ನಮ್ಮ ಬೀದಿಯ ಟ್ರಾಮು ಅವರ ಮೈಯೊಳಗಿಂದಲೇ ಹಾದುಹೋಗುತ್ತದೆ. ಒಂದೊಂದು ಸಂಜೆ ನಾನು ಕೂಗುವುದನ್ನೇ ಮರೆತೆ. ಇಂಥ ಪೆಟ್ಟಿಗೆ ನಮ್ಮವರ ಕೈಗೆ ಬಂದರೆ ಗಣಿಯವರ ಮುಖವನ್ನು ಬಂದರಿನವರಿಗೆ, ಕಬ್ಬು ಕಡಿಯುವವರ ಮುಖವನ್ನು ನಮಗೆ ತೋರಿಸಬಹುದಲ್ಲ ಎಂದು ನಿಂತಲ್ಲೇ ಕನಸು ಕಂಡೆ.

ಅಪ್ಪನೂ ಬರುತ್ತಾನೆ, ಎರಡು ಕುರ್ಚಿ ಎತ್ತಿಕೊಂಡು. ಎರಡನೆಯದರ ಮೇಲೆ ತನ್ನ ಟೋಪಿ ಇಡುತ್ತಾನೆ, ಯಾರನ್ನೂ ಕೂರಗೊಡುವುದಿಲ್ಲ. "ಏನ್ ಫ್ರ್ಯಾಂಕ್, ಟೋಪಿಗೂ ಕಾಲುನೋವಾ?" ಎಂದು ಮೇವಿಸ್ ಕೆಣಕಿದರೂ ನಗುವುದಿಲ್ಲ. ತೀರಿಹೋದ ಅಮ್ಮನಿಗಾಗಿ ಇರಬೇಕೆಂದು ನಾನು ಅಂದುಕೊಂಡಿದ್ದೆ. ಈಗ ಆಟಗಳು ಮುಗಿದಿವೆ. ಪೆಟ್ಟಿಗೆಯಲ್ಲಿ ಕೇಕು ಮಾಡುವ ಹೆಂಗಸು ಬರುತ್ತಾಳೆ. ಅಪ್ಪ ಮಾತ್ರ ಕುರ್ಚಿ ಹೊರುವುದನ್ನು ಬಿಟ್ಟಿಲ್ಲ.

"ಮುಗೀತಲ್ಲಪ್ಪ" ಎಂದೆ.

"ಮತ್ತೆ ತೋರಿಸ್ತಾರೆ, ಸುಮ್ನಿರು. ಹಗಲಿಂದನ್ನ ಸಂಜೆ ತೋರಿಸ್ತಿರ್ಲಿಲ್ವಾ?"

ಹೊತ್ತಿಗೆ ಸರಿಯಾಗಿ ಊಟ ಮಾಡು. ಯಾವ ಒಡೆಯನ ಮುಂದೆಯೂ ತಲೆ ತಗ್ಗಿಸಬೇಡ. ಒಳ್ಳೆಯ ದಿನಗಳು ನಿನ್ನನ್ನು ಹುಡುಕಿಕೊಂಡು ಬರಲಿ.

ನಿನ್ನ
ಥೆಲ್ಮಾ

ಮತ್ತೆ: ಲಕೋಟೆ ಅಂಟಿಸದೆ ಹೋಗಿ, ಏನನ್ನು ಮತ್ತೆ ತೋರಿಸಬೇಕೆಂದು ಅಪ್ಪನನ್ನು ಕೇಳಿಯೇಬಿಟ್ಟೆ. ಅಪ್ಪ ಗಾಜನ್ನೇ ನೋಡುತ್ತಾ, "ಓಟ ಅಲ್ಲ. ನೋಡೋಕೆ ಬಂದಿದ್ದ ಜನ. ಡೆಸ್ ಕೂತಿದ್ದ, ಬಲಗಡೆ ಕಂಬದ ಹತ್ರ. ಸೊರಗಿದಾನೆ" ಎಂದ. ಆ ಸಂಜೆ ನಾನು ಗಾಜಿಗೆ ಬೆನ್ನು ಹಾಕಿದ್ದೆ, ನೋಡಲಿಲ್ಲ. ಆಗ ಕಬ್ಬಿನ ಗದ್ದೆ ಬಿಟ್ಟು ಕದಲಿಲ್ಲವೆಂದು ನೀನು ಬರೆದಿದ್ದೀಯ. ಅದು ನಿಜವಾಗಿದ್ದರೆ ಮತ್ತೆ ಬರೆಯಬೇಡ, ಸುಮ್ಮನೆ ಬಾ. ಸುಳ್ಳಾಗಿದ್ದರೆ, ಆ ಆಟದ ಮೈದಾನದಿಂದ ಮನೆಗೆ ಅರ್ಧ ಗಂಟೆಯ ರೈಲು ಕಣೋ ಅಣ್ಣ. ಆ ಕುರ್ಚಿಯ ಮೇಲೆ ಇರುವುದು ಬರೀ ಟೋಪಿ.