ಮೂರು ಮನೆ, ಒಂದು ಮೋಟರು, ಯಾವ ಭಾಷೆ?

ಮಾರ್ಚ್ 3, ಸಂಜೆ
ಮತ್ತೆ ಬೈಸಿಕೊಂಡೆ. ಪ್ರೋಗ್ರಾಂ ಬರೆಯುವವರ ಗ್ರೂಪಿನಲ್ಲಿ ಕೇಳಿದ್ದು ಇಷ್ಟೇ — ಕೋಡ್ ಬರೆಯುವ ಮೊದಲೇ ನಿಯಮಗಳನ್ನು ಖಚಿತವಾಗಿ ಬರೆದು ತಪ್ಪು ಹುಡುಕುವ ಭಾಷೆಗಳಿವೆಯಲ್ಲ, ಮೊದಲು ಯಾವುದು ಕಲಿಯಲಿ? ಒಬ್ಬ ಝಡ್ ಅಂದ. ಒಬ್ಬ ಅಲಾಯ್. ಇನ್ನೊಬ್ಬನಿಗೆ ಟಿಎಲ್‌ಎ ಪ್ಲಸ್ ಬಿಟ್ಟು ಉಳಿದದ್ದೆಲ್ಲ ಕಸ. ಒಂದೊಂದು ಭಾಷೆಗೂ ಒಂದೊಂದು ಮಠ! ತರ್ಕ ಎಲ್ಲರ ಸೊತ್ತು ಅನ್ನುವವರೇ ಬೇಲಿ ಹಾಕಿದರೆ?

ಮಾರ್ಚ್ 4
ಕಾಲೇಜಿನ ಹನುಮೇಶ ಫೋನ್ ಮಾಡಿದ. "ಲೇ ಪಲ್ಲವಿ, ಒಂದು ಮೋಟ್ರು ಆನ್ ಮಾಡಾಕೆ ರಾಕೆಟ್ ಬಿಡೋಳಂಗೆ ಆಡ್ತೀಯಲ್ಲ!"
ದುರ್ಗದಲ್ಲಿ ಕೂತವನಿಗೆ ನಮ್ಮೂರು ಯಲ್ಲದಕೆರೆಯ ಪಾಡು ಏನು ಗೊತ್ತು. ಬೋರ್‌ವೆಲ್ ಒಂದು, ಪಾಲಾದ ಮನೆ ಮೂರು — ನಮ್ಮದು, ಮೂರ್ತಪ್ಪ ಚಿಕ್ಕಪ್ಪನದು, ತೀರಿಹೋದ ಕಿರಿ ಚಿಕ್ಕಪ್ಪನ ಹೆಂಡತಿ ಚಂದ್ರಕ್ಕ ಚಿಕ್ಕಮ್ಮನದು. ಇದೇ ಹದಿನೈದಕ್ಕೆ ಮೋಟರಿನ ಸ್ಟಾರ್ಟರ್ ಪೆಟ್ಟಿಗೆಗೆ ನನ್ನ ಪ್ರೋಗ್ರಾಂ. ಆಮೇಲೆ ಪೆಟ್ಟಿಗೆ ಹೇಳಿದವರಿಗೇ ನೀರು. ಚಿಕ್ಕಮ್ಮನ ಸೇವಂತಿಗೆಗೆ ಕೊನೆಯ ಸರದಿ.

ಮಾರ್ಚ್ 6
ಅಲಾಯ್ ಹಿಡಿದೆ. ಅದರ ಕೈಪಿಡಿ ತೆಳ್ಳಗಿತ್ತು, ಅಷ್ಟೇ ಕಾರಣ. "ಇಬ್ಬರಿಗೆ ಒಟ್ಟಿಗೆ ನೀರು ಹೋಗಬಾರದು" ಎಂದು ಬರೆದೆ. ತಪ್ಪಿಲ್ಲ ಅಂತು. ಕುಣಿದಾಡಿದೆ. ನೋಡಿದರೆ ಮೋಟರೇ ಆನ್ ಆಗಿಲ್ಲ! ಯಾರಿಗೂ ನೀರಿಲ್ಲದಿದ್ದರೂ ನನ್ನ ನಿಯಮ ಸರಿ. ಥೂ.
ಕೇಳಬೇಕಾದ್ದು — ಎಲ್ಲರಿಗೂ ಒಂದಲ್ಲ ಒಂದು ಹೊತ್ತು ನೀರು ಬಂದೇ ಬರುತ್ತದೆಯೆ? ಅದಕ್ಕೆ ಟಿಎಲ್‌ಎ ಪ್ಲಸ್ ಸಲೀಸಂತೆ. ಮತ್ತೆ ಮೊದಲಿಂದ...

ಮಾರ್ಚ್ 14, ಮಧ್ಯಾಹ್ನ
ತಲೆ ಚಿತ್ರಾನ್ನ. ಆದರೂ ಹೊಸ ಭಾಷೆ ಕೈಗೆ ಬಂತು. ಮನೆಯ ಕಟ್ಟಳೆಯನ್ನೂ ಸೇರಿಸಿದೆ: ಸರದಿಯ ನಡುವೆ ಕರೆಂಟ್ ಹೋದರೆ, ಬಂದ ಮೇಲೆ ಅದೇ ಮನೆಗೆ ಮತ್ತೆ ಮೊದಲಿಂದ. ಪಾಲಾದಾಗ ಅಪ್ಪ ಮಾಡಿದ್ದು.
ತಪ್ಪು ತೋರಿಸಿತು. ನಮ್ಮ ಸರದಿ, ಕರೆಂಟ್ ಹೋಯಿತು, ಮತ್ತೆ ನಮ್ಮದು, ಹೋಯಿತು, ಮತ್ತೆ ನಮ್ಮದೇ... ಚಿಕ್ಕಮ್ಮನ ತನಕ ಬರುವುದೇ ಇಲ್ಲ.
ಅಪ್ಪನಿಗೆ ತೋರಿಸಿದೆ.
"ಇಷ್ಟ್ ದಿನ ನಾನೇ ನೋಡ್ಕಂಡು ಎಲ್ರಿಗೂ ನೀರು ಬಿಡ್ತಿದ್ನಲ್ಲವ್ವ."
"ಪೆಟ್ಟಿಗೆಗೆ ಮುಖ ನೋಡಾಕೆ ಬರಲ್ಲಪ್ಪ."
"ನಾನ್ ಮಾಡಿದ್ದು ಹಂಗೇ ಇರ್ಲಿ. ಅವ್ರ ಮುಂದೆ ಬಾಯಿ ಬಿಡ್ಬ್ಯಾಡ."
ನ್ಯಾಯವಂತ ಎಂದು ಊರೆಲ್ಲ ಹೊಗಳುವ ಅಪ್ಪ!

ಮಾರ್ಚ್ 15, ಬೆಳಿಗ್ಗೆ
ಪಂಪ್‌ಹೌಸ್ ಮುಂದೆ ಎಲ್ಲರೂ ಸೇರಿದ್ದಾರೆ. ಲ್ಯಾಪ್‌ಟಾಪಿನಲ್ಲಿ ಎರಡು ಪ್ರೋಗ್ರಾಂ — ಅಪ್ಪನ ಕಟ್ಟಳೆಯದು, ನಾನು ತಿದ್ದಿದ್ದು. ಯಾರಿಗೂ ಗೊತ್ತಾಗದಂತೆ ತಿದ್ದಿದ್ದನ್ನೇ ಹಾಕಬಹುದು. ಅದು ಕಳ್ಳತನ.
ಚಿಕ್ಕಮ್ಮ ಕೂಗುತ್ತಿದ್ದಾಳೆ, "ಟೀ ಆರ್ತೈತೆ ಬಾರೆ! ಏನಾರ ಹಾಕು, ನಿಮ್ಮಪ್ಪ ಒಪ್ಪಿದ್ಮೇಲೆ ನಾವೇನ್ ನೋಡಾದು?"
ಅಪ್ಪ ನನ್ನನ್ನೇ ನೋಡುತ್ತಿದ್ದಾರೆ. ನೋಡಲಿ. ಎದ್ದು ಎಲ್ಲರೆದುರೇ ಹೇಳುತ್ತೇನೆ — ಚಿಕ್ಕಮ್ಮ, ಈ ಕಟ್ಟಳೆಯಲ್ಲಿ ನಿನಗೆ ನೀರು ಬಾರದೇ ಹೋಗಬಹುದು.