ಕಂಠಮಟ್ಟ ತುಂಬಿದ ಬಾಟಲಿ

ಅಣ್ಣಾ,

ಜಗತ್ತಿನ ಮೊದಲ ನೀರಿನ ರಾಕೆಟ್ ಹಾರಿಸಿದವನು ನಾನೇ. ಎರಡನೆಯದನ್ನು ಇವತ್ತು ನಿನ್ನ ಮಗಳು ಹಾರಿಸಿದಳು. ಖಾಲಿ ಸೋಡಾ ಬಾಟಲಿ, ಬಿರಡೆಗೆ ಚುಚ್ಚಿದ ಸೈಕಲ್ ವಾಲ್ವು, ನೀನಿರುವಾಗ ನಾನು ವಾಪಸು ಕೊಡದ ನಿನ್ನ ಪಂಪು, ಇಷ್ಟೇ ಸಾಮಾನು.

"ಚಿಕ್ಕಪ್ಪಾ, ಕಾಲು ಭಾಗ ನೀರು ಸಾಕು" ಅಂದಳು.

"ನೀರು ಹೆಚ್ಚಿದ್ರೆ ಜೋರು ಹೆಚ್ಚು, ನಂಗೇ ಹೇಳ್ಕೊಡ್ತೀಯಾ? ನಾನು ಸೋತ್ರೆ, ರಾಕೆಟ್ ನಿಲ್ಲಿಸಿ ಹಾರಿಸೋಕೆ ನೀನು ಮಾಡ್ಬೇಕಂತಿರೋ ಲಾಂಚರಿನ ಪೈಪಿನ ಖರ್ಚೆಲ್ಲ ನಂದು!" ಎಂದು ಪಂಥ ಕಟ್ಟಿ, ನನ್ನ ಬಾಟಲಿಯನ್ನು ಕಂಠಮಟ್ಟ ತುಂಬಿದೆ. ಅದು ಮೊಣಕಾಲೆತ್ತರ ನೆಗೆದು, ನನ್ನ ಮೇಲೇ ವಾಂತಿ ಮಾಡಿ ಬಿತ್ತು. ಅವಳದು ಮೂರಂತಸ್ತಿನ ಮನೆ ದಾಟಿತು!

"ಏನ್ ಚಿಕ್ಕಪ್ಪಾ, ಸ್ನಾನ ಆಯ್ತಾ?" ಎಂದು ನಕ್ಕಳು, ಥೇಟ್ ನಿನ್ನ ಹಾಗೆ. ಒದ್ದೆ ಪ್ಯಾಂಟಿನಲ್ಲೇ ನಾನೂ ಕುಣಿದೆ.

ಪೈಪಿಗೆ ಐವತ್ತು ರೂಪಾಯಿ ಆಯಿತೆಂದು ಮನೆಯಲ್ಲಿ ಹೇಳಿದ್ದೇನೆ. ನಿನ್ನ ಹತ್ತಿರ ಏನು ಮುಚ್ಚುಮರೆ? ಆರುನೂರ ನಲವತ್ತು.