ಮುತ್ತಜ್ಜನಿಗೊಂದು ಸೀಟು

ಮಾರ್ಚ್ 3, ಸೋಮವಾರ, ಸಂಜೆ

ಮಾನ್ಯ ಮಹನೀಯರೇ, ಮಹಿಳೆಯರೇ, ಮೇಜಿನ ಮೇಲೆ ಸಂಚರಿಸುತ್ತಿರುವ ಗೌರವಾನ್ವಿತ ಜಿರಲೆಗಳೇ! ನನ್ನ ಡೈರಿಯ ಮಹಾಸಭೆಗೆ ಸ್ವಾಗತ.

ಇವತ್ತು ನಾಲ್ಕು ತಂಡ. ವಜ್ರಗಣಿ ಮ್ಯೂಸಿಯಂನಲ್ಲಿ ಗೈಡ್ ಆಗಿ ಇಪ್ಪತ್ತೊಂದನೇ ವರ್ಷ. ಅದೇ ಕಂಚಿನ ಕುದುರೆ, ಮೇಲೆ ಅದೇ ಗಣಿ ದೊರೆ ಸರ್ ಆಂಬ್ರೋಸ್ ಥಾರ್ನ್, ಕೆಳಗೆ ಅದೇ ನಾನು. "ಕಲ್ಲು ಅಗೆದ, ಖಂಡ ಬಗೆದ, ರೈಲು ಹಾಕಿದ, ರಾಜ್ಯ ಕಟ್ಟಿದ." ಮನಸ್ಸಿನಲ್ಲಿ ಮಾತ್ರ — ರಾಜ್ಯ ನುಂಗಿದ.

ನಗರಸಭೆ ತೀರ್ಮಾನಿಸಿತಂತೆ. 17ಕ್ಕೆ ಪ್ರತಿಮೆ ಇಳಿಸಿ, ಹುಲ್ಲುಹಾಸು ಅಗೆದು, ಪಾರ್ಕಿಂಗ್‌ಗೆ ಕಾಂಕ್ರೀಟು. ಗೇಟಿನಲ್ಲಿ ಎರಡು ಗುಂಪು. "ದರೋಡೆಕೋರನ್ನ ಗುಂಡಿಗೆ ಎಸೀರಿ!" "ಅವನಿಲ್ದಿದ್ರೆ ನಿಮಗೆ ಊರೇ ಇರ್ತಿರ್ಲಿಲ್ಲ!" ಎರಡೂ ಗುಂಪು ಕೂಗಿದ್ದು ನನ್ನ ಕಿವಿಯಲ್ಲೇ.

ನನ್ನ ಚಿಂತೆ ಬೇರೆ. ಆ ಹುಲ್ಲಿನ ಜಾಗದಲ್ಲೇ ಗಣಿ ಕೂಲಿಗಳ ದೊಡ್ಡಿ ಇತ್ತು. ಒಳಗೆ ಹೋದವನು ಕರಾರು ಮುಗಿಯುವ ತನಕ ಹೊರಗೆ ಬರುವಂತಿಲ್ಲ. ಮುತ್ತಜ್ಜ ಫಕಾಡೆ ಝುಲು ನಾಡಿನಿಂದ ನಡೆದು ಬಂದ, ಮರಳಲೇ ಇಲ್ಲ. ಕಾಂಕ್ರೀಟು ಬೀಳುವ ಮುಂಚೆ ಅವನ ಆತ್ಮವನ್ನು ಮನೆಗೆ ಕರೆದೊಯ್ಯಬೇಕು. ಸತ್ತ ಜಾಗದಲ್ಲಿ ಮುಳ್ಳುಕೊಂಬೆ ತಾಗಿಸಿ ಕರೆದರೆ ಹಿರಿಯರು ಅದರ ಮೇಲೆ ಕೂತು ಬರುತ್ತಾರೆ, ಅದು ನಮ್ಮ ಪದ್ಧತಿ. ಹೋಗಿಯೇ ತೀರಬೇಕು.

ಮಾರ್ಚ್ 4

ಸೋದರತ್ತೆ ನೊಮ್ವುಲಾಗೆ ಫೋನು. ಫಕಾಡೆ ಅವಳ ಖಾಸಾ ಅಜ್ಜ.

"ಸತ್ತ ಜಾಗ ಖಾತ್ರಿ ಇದ್ಯೇನೋ ಬೆಕಿ? ಬೇರೆ ಕಡೆ ನಿಂತು ಕರೆದ್ರೆ ಬರಲ್ಲ ಅವರು. ಸುಮ್ಮನೆ ಮುಳ್ಳುಕೊಂಬೆ ಹೊತ್ಕೊಂಡು ಬಂದಂಗಾಗುತ್ತೆ."

ಗಣಿ ಕಂಪೆನಿ ಸತ್ತವರ ಹೆಸರು ಬರೆದಿಟ್ಟ ಪುಸ್ತಕ ನೋಡಿ ಹೇಳುತ್ತೇನೆ ಎಂದೆ.

ಮಾರ್ಚ್ 6

ನೋಡಿದೆ. ಬೆಳಗಿನಿಂದ ಮೂರು ಗಂಟೆಯವರೆಗೆ. ಅತ್ತೆಗೆ ಹೇಳಿದೆ: "ಹೆಸರಿದೆ. ಇಲ್ಲೇ."

ಆ ಕಡೆಯಿಂದ ಮೂಗು ಸೀಟುವ ಸದ್ದು. "ಬರ್ತೀನಿ ಕಣೋ."

ಮಾರ್ಚ್ 15, ಶನಿವಾರ, ಬಸ್ಸಿನಲ್ಲಿ

ಕೊಂಬೆ ಹೊತ್ತವನು ಮನೆ ಮುಟ್ಟುವ ತನಕ ಸತ್ತವರ ಹೊರತು ಯಾರೊಡನೆಯೂ ಮಾತಾಡಬಾರದು. ಬರೆಯಬಾರದೆಂದು ಯಾರೂ ಹೇಳಿಲ್ಲ!

ಅತ್ತೆ ಬಂದವಳೇ, "ಇಪ್ಪತ್ತು ವರ್ಷ ಆ ಬಿಳಿಯನ್ನ ಹೊಗಳಿ ಹೊಟ್ಟೆ ಹೊರೆದೆ. ಒಂದಿನ ಬಾಯಿ ಮುಚ್ಕೊಂಡು ನಮ್ಮಜ್ಜನ್ನ ಕರ್ಕೊಂಡು ಬಾ" ಎಂದಳು.

ಬೆಳಗ್ಗೆ ಆರಕ್ಕೆ ಹುಲ್ಲಿನ ನಡುವೆ ನಿಂತೆ. ಅತ್ತೆ ಗೇಟಿನ ಹತ್ತಿರ. ಕೊಂಬೆ ನೆಲಕ್ಕೆ ತಾಗಿಸಿ ಮೂರು ಸಲ ಕೂಗಿದೆ — "ಫಕಾಡೆ, ಏಳು, ಮನೆಗೆ ಹೋಗೋಣ." ಆಮೇಲೂ ಒಂದಿಷ್ಟು ಹೇಳಿದೆ, ಮೆಲ್ಲಗೆ.

ಮ್ಯಾನೇಜರ್ ಮಿಸೆಸ್ ಫೂರಿ ಓಡಿ ಬಂದರು. "ಬೆಕಿ, ಹತ್ತು ಗಂಟೆಯ ಜರ್ಮನ್ ತಂಡ ಯಾರು ನೋಡ್ಕೋತಾರೆ?" ನಾನು ಮೌನಿ. ಅತ್ತೆ: "ಇವತ್ತು ಇವನ ಬಾಯಿಗೆ ರಜೆ, ಮೇಡಂ."

ಬಸ್ಸಿನ ಡ್ರೈವರು "ಎಷ್ಟು ಜನ?" ಎಂದ. "ಮೂವರು" ಎಂದಳು ಅತ್ತೆ. ಕೊಂಬೆ ಕಂಡು ಅವನು ಟೋಪಿ ತೆಗೆದ. ಕಿಟಕಿ ಪಕ್ಕದ ಸೀಟು ಮುತ್ತಜ್ಜನಿಗೆ, ಕೊಂಬೆ ಅಲ್ಲಿಟ್ಟೆ. ದಾರಿಯಲ್ಲಿ ಹತ್ತಿದ ದಢೂತಿಯೊಬ್ಬ, "ಆ ಕೊಂಬೇನ ಮಡಿಲಲ್ಲಿಟ್ಕೋ ಮಾರಾಯಾ, ಮಂಡಿ ನೋವು" ಎಂದ. ಡ್ರೈವರು ಕನ್ನಡಿಯಲ್ಲೇ ಗದರಿದ: "ಅಲ್ಲಿ ಹಿರಿಯರು ಕೂತವ್ರೆ. ಕಣ್ಣು ಕಾಣಲ್ವಾ?"

ದಢೂತಿ ಐದು ತಾಸು ನಿಂತೇ ಬಂದ.

ನಾನು ಕೊಂಬೆಗೆ ಪಿಸುಗುಟ್ಟುತ್ತಲೇ ಇದ್ದೆ — ಈಗ ಗುಡ್ಡ ಇಳಿಯುತ್ತಿದ್ದೇವೆ, ಈಗ ತುಗೇಲಾ ಹೊಳೆ, ಹೆದರಬೇಡಿ, ಸೇತುವೆ ಇದೆ.

ಮಾರ್ಚ್ 16, ಭಾನುವಾರ

ಮುಟ್ಟಿದೆವು. ಗುಡಿಸಲಿನ ಒಳಮೂಲೆಯಲ್ಲಿ, ಹಿರಿಯರ ಜಾಗದಲ್ಲಿ, ಕೊಂಬೆ ಇಟ್ಟೆ. ಅತ್ತೆ ಮೊಣಕಾಲೂರಿ ಕೇಳಿದಳು: "ಅಜ್ಜ ಬಂದ್ನೇನೋ?"

"ಬಂದ."

ನಾಳೆ ಹಿರಿಯರ ಸ್ವಾಗತಕ್ಕೆ ಮೇಕೆ ಕಡಿಯುವುದು. ನೆಂಟರೆಲ್ಲ ಬರುತ್ತಾರೆ.

ಸಭಿಕರೇ, ಎದ್ದು ಹೋಗಿ. ಸಭೆ ಇಲ್ಲ, ಸಭಿಕರೂ ಇಲ್ಲ. ಅತ್ತೆಗೆ ಹೇಳಿದ್ದು ಸುಳ್ಳು, ಪುಸ್ತಕದಲ್ಲಿ ಫಕಾಡೆ ಇರಲಿಲ್ಲ. ಯಾರ ನಿಜ ಹೆಸರೂ ಇರಲಿಲ್ಲ, ಸಾಹೇಬರು ಇಟ್ಟವೇ. ಜಿಮ್, ಜಾನ್, ಜಿಮ್, ಸಿಕ್ಸ್‌ಪೆನ್ಸ್ — ಇನ್ನೂರ ಹನ್ನೊಂದು ಜನ. ಅದಕ್ಕೇ ಆ ಹುಲ್ಲಿನಲ್ಲಿ ಮೆಲ್ಲಗೆ ಎಲ್ಲರನ್ನೂ ಕರೆದೆ. ಮನೆ ಗೊತ್ತಿಲ್ಲದವರು ನಮ್ಮ ಮನೆಗೇ ಬನ್ನಿ ಎಂದೆ.

ಬೆಳಗಾದರೆ ಅತ್ತೆಗೆ ಹೇಳುತ್ತೇನೆ. ಬೈಯಲಿ. ಇಷ್ಟು ಜನಕ್ಕೆ ಒಂದು ಮೇಕೆ ಎಲ್ಲಿ ಸಾಲುತ್ತೆ?